ಯಂತ್ರ ಸುಲಿಯಲಿ, ಆರಿಸುವ ಕೆಲಸ ನಮ್ಮದಿರಲಿ



ಮಳೆಗಾಲದ ಮೊದಲ ತಿಂಗಳಲ್ಲಿ ನಮ್ಮ ಸಂಘದ ಜಗಲಿ ಹೇಗಿರುತ್ತದೆ ಎಂಬುದು ಶಂಕರನಾರಾಯಣ, ಸಿದ್ದಾಪುರ, ಹಾಲಾಡಿ ಕಡೆಯ ಸದಸ್ಯರಿಗೆ ಗೊತ್ತಿದ್ದದ್ದೇ. ಮಳೆ ಒಂದಿಷ್ಟು ಹೊಳವು ಕೊಟ್ಟರೆ ತೋಟಕ್ಕೆ ಬೋರ್ಡೋ ಹೊಡೆಯಬೇಕು. ಅದೇ ದಿನ ಬೆಳೆ ವಿಮೆಯ ಕಂತು ಕಟ್ಟಲು ಸಂಘಕ್ಕೂ ಬರಬೇಕು. ಕೊಳೆರೋಗ ಯಾರಿಗೂ ಕಾಯುವುದಿಲ್ಲ, ವಿಮೆಯ ಕೊನೆಯ ದಿನಾಂಕವೂ ಕಾಯುವುದಿಲ್ಲ. ಒಳಗೆ ನಮ್ಮ ಗುಮಾಸ್ತೆ ಕಂಪ್ಯೂಟರಿನ ಮುಂದೆ ಕುಳಿತು ಸದಸ್ಯರ ಹೆಸರು, ಆಧಾರ್, ಖಾತೆ ಸಂಖ್ಯೆ, ಸರ್ವೆ ನಂಬ್ರ, ಹಿಸ್ಸೆ, ವಿಸ್ತೀರ್ಣ ಇವನ್ನೆಲ್ಲ ಒಂದು ಕಡೆಯಿಂದ ನೋಡಿ ಇನ್ನೊಂದು ಕಡೆ ಬರೆಯುತ್ತಿರುತ್ತಾರೆ. ಒಬ್ಬ ಸದಸ್ಯರಿಗೆ ಹತ್ತು ನಿಮಿಷವೆಂದು ಹಿಡಿದರೂ 300 ಮಂದಿಗೆ 50 ಗಂಟೆ. ಕರೆಂಟು ಹೋದದ್ದು, ನೆಟ್‌ವರ್ಕ್ ಸಿಗದಿದ್ದದ್ದು ಈ ಲೆಕ್ಕದಲ್ಲಿ ಸೇರಿಲ್ಲ.

ಹೀಗೆ ಬರೆಯುವಾಗ ಕೆಲ ವರ್ಷಗಳ ಹಿಂದೆ ಒಂದು ತಪ್ಪಾಯಿತು. ಸದಸ್ಯರೊಬ್ಬರ ಸರ್ವೆ ನಂಬ್ರದ ಎರಡು ಅಂಕೆಗಳು ಅದಲುಬದಲಾದವು. ಬೆಳೆ ಸಮೀಕ್ಷೆಯಲ್ಲಿ ಆ ನಂಬ್ರದ ಜಾಗದಲ್ಲಿ ಇದ್ದದ್ದು ಭತ್ತ, ನಾವು ವಿಮೆ ಮಾಡಿಸಿದ್ದು ಅಡಿಕೆಗೆ. ತಾಳೆಯಾಗದೆ ಅರ್ಜಿ ಬಿತ್ತು. ಕಂತು ಕಟ್ಟಿದ ರಶೀದಿ ಹಿಡಿದುಕೊಂಡು ಬಂದ ಆ ಹಿರಿಯರು ಜಗಳ ಮಾಡಲಿಲ್ಲ. "ದುಡ್ ನಂದ್, ಹೆಸ್ರೂ ನಂದ್, ಜಾಗ ಮಾತ್ರ ಮತ್ತೊಬ್ರದ್ ಅಲ್ದಾ ಸೆಕ್ರೆಟ್ರಿಗಳೇ?" ಎಂದು ಕೇಳಿ ಸುಮ್ಮನೆ ಹೋದರು. ಬರೆದದ್ದು ಗುಮಾಸ್ತೆಯಾದರೂ ಕೆಳಗೆ ರುಜು ಹಾಕಿದವನು ನಾನು. ಆ ಮಾತು ಇಂದಿಗೂ ನನ್ನ ಮನಸ್ಸಿನಿಂದ ಹೋಗಿಲ್ಲ.

ಇದನ್ನೆಲ್ಲ ಹೇಳಲು ಕಾರಣವಿದೆ. ಇಂಥ ನಕಲು ಬರೆಯುವ ಕೆಲಸಕ್ಕೆ "ಬಾಟ್" ಎಂಬ ತಂತ್ರಾಂಶವನ್ನು ತರಿಸಬೇಕೆಂದು ಕೆಲವು ನಿರ್ದೇಶಕರೂ, ಬೆಂಗಳೂರಿನಲ್ಲಿರುವ ನಮ್ಮ ಸದಸ್ಯರ ಮಕ್ಕಳೂ ಸಲಹೆ ಮಾಡಿದ್ದಾರೆ. ನಮ್ಮ ಲೆಕ್ಕವನ್ನು ಯಂತ್ರದ ಕೈಗೆ ಕೊಡುವುದೇ ಬೇಡವೆಂದು ಇನ್ನು ಕೆಲವರ ವಾದ. ಈ ಬಗ್ಗೆ ನನ್ನ ಅಭಿಪ್ರಾಯವನ್ನು ಸದಸ್ಯರ ಮುಂದಿಡುವುದು ಕರ್ತವ್ಯವೆಂದು ಭಾವಿಸುತ್ತೇನೆ.

ಬಾಟ್ ಎಂದರೆ ಕೈಕಾಲುಳ್ಳ ಕಬ್ಬಿಣದ ಆಳಲ್ಲ. ಕಂಪ್ಯೂಟರಿನೊಳಗೇ ಇರುವ ಒಂದು ಕಾರ್ಯಕ್ರಮ. ನಮ್ಮ ಗುಮಾಸ್ತೆ ಏನು ಮಾಡುತ್ತಾರೋ ಅದನ್ನೇ ಅದೂ ಮಾಡುತ್ತದೆ: ಒಂದು ಪುಟ ತೆರೆಯುತ್ತದೆ, ಹೆಸರು ಓದುತ್ತದೆ, ಇನ್ನೊಂದು ಪುಟದ ಇಂಥದೇ ಮನೆಯಲ್ಲಿ ತುಂಬುತ್ತದೆ, ಮುಂದಿನ ಹೆಸರಿಗೆ ಹೋಗುತ್ತದೆ. ಹಸಿವಿಲ್ಲ, ಬೇಸರವಿಲ್ಲ, ರಾತ್ರಿಯೂ ದುಡಿಯುತ್ತದೆ. ದೊಡ್ಡ ಬ್ಯಾಂಕುಗಳೂ ವಿಮಾ ಕಂಪನಿಗಳೂ ಇದನ್ನು ಹಲವು ವರ್ಷಗಳಿಂದ ಬಳಸುತ್ತಿವೆ. ನಮ್ಮ ಬೆಂಗಳೂರಿನ ಇನ್ಫೋಸಿಸ್‌ನ ಅಂಗಸಂಸ್ಥೆಯಾದ ಎಡ್ಜ್‌ವರ್ವ್ ಕೂಡ ಇಂಥ ತಂತ್ರಾಂಶ ತಯಾರಿಸುತ್ತದೆ.

ಇದರ ಗುಣವನ್ನೂ ಮಿತಿಯನ್ನೂ ನಾವು ಅಡಿಕೆ ಸುಲಿಯುವ ಯಂತ್ರದಿಂದಲೇ ಅರಿಯಬಹುದು. ಯಂತ್ರ ಸುಲಿಯುತ್ತದೆ, ಒಡೆದದ್ದು, ಹುಳುಕು, ಪಟೋರ, ಕರಿಗೋಟು ಯಾವುದೆಂದು ಅದಕ್ಕೆ ತಿಳಿಯದು. ಸುಲಿದದ್ದನ್ನು ಹರವಿ ಕಣ್ಣಿಟ್ಟು ಆರಿಸುವವರು ಬೇಕೇ ಬೇಕು. ಆರಿಸದೆ ಚೀಲ ತುಂಬಿದವನಿಗೆ ಮಂಡಿಯಲ್ಲಿ ಎಂಥ ದರ ಸಿಕ್ಕೀತು? ಬಾಟ್ ಕೂಡ ಹಾಗೆಯೇ. ಅಂಕೆಯನ್ನು ಅದಲುಬದಲು ಮಾಡುವುದಿಲ್ಲ, ನಿಜ. ಆದರೆ ನಮ್ಮ ಪುಸ್ತಕದಲ್ಲೇ ತಪ್ಪಿದ್ದರೆ ಆ ತಪ್ಪನ್ನು ಚಾಚೂ ತಪ್ಪದೆ ನಕಲು ಮಾಡುತ್ತದೆ. ಪುಟದ ವಿನ್ಯಾಸ ಒಂದಿಷ್ಟು ಬದಲಾದರೆ ಮಧ್ಯದಲ್ಲಿ ನಿಂತೀತು, ಇಲ್ಲವೆ ಹಿಸ್ಸೆಯ ಮನೆಯಲ್ಲಿ ವಿಸ್ತೀರ್ಣ ತುಂಬೀತು. ಮನುಷ್ಯ ಒಬ್ಬರದ್ದು ತಪ್ಪು ಬರೆದರೆ ಬಾಟ್ ಮುನ್ನೂರು ಮಂದಿಯದ್ದು ಒಂದೇ ರಾತ್ರಿಯಲ್ಲಿ ಬರೆದಿಟ್ಟೀತು.

2018ರ ಸಾಲಮನ್ನಾವನ್ನು ನೆನಪಿಸಿಕೊಳ್ಳಿ. ಸಹಕಾರ ಸಂಘಗಳ ಬೆಳೆ ಸಾಲ 1 ಲಕ್ಷ ರೂಪಾಯಿಯವರೆಗೆ ಮನ್ನಾ ಎಂದಾಯಿತು. ಆಧಾರ್, ಪಡಿತರ ಚೀಟಿ, ಪಹಣಿ ಈ ಮೂರನ್ನೂ ತಂತ್ರಾಂಶವೇ ತಾಳೆ ನೋಡಿತು. ಲಕ್ಷಾಂತರ ರೈತರ ದಾಖಲೆಗಳನ್ನು ಕೈಯಿಂದ ನೋಡಿ ಮುಗಿಸುವುದು ಆಗದ ಮಾತಾಗಿತ್ತು. ಆ ಮಟ್ಟಿಗೆ ಉಪಕಾರವೇ. ಆದರೆ ಒಂದು ದಾಖಲೆಯಲ್ಲಿ ತಂದೆಯ ಹೆಸರು ಸೇರಿ, ಇನ್ನೊಂದರಲ್ಲಿ ಬರೀ ಇನಿಷಿಯಲ್ ಇದ್ದವರು ಅರ್ಹರಾಗಿದ್ದರೂ ತಿಂಗಳುಗಟ್ಟಲೆ ಅಲೆದರು. ಇಬ್ಬರೂ ಒಬ್ಬರೇ ಎಂದು ಯಂತ್ರಕ್ಕೆ ಹೇಳಬೇಕಾದರೆ ಊರಿನ ಪರಿಚಯವುಳ್ಳ ಮನುಷ್ಯನೇ ಬೇಕಾಯಿತು.

ಇನ್ನೊಂದು ವಿಷಯ. ಎರಡು ತಂತ್ರಾಂಶಗಳು ಪರಸ್ಪರ ಮಾತನಾಡದಿರುವಾಗ ನಡುವೆ ಓಡಾಡುವ ಆಳು ಈ ಬಾಟ್. ಅವು ನೇರವಾಗಿ ಮಾತನಾಡಿದರೆ ಆಳಿನ ಅಗತ್ಯವೇ ಕಡಿಮೆ. ರಾಜ್ಯದಲ್ಲಿ ರೈತರಿಗೆ ಕೊಟ್ಟಿರುವ ಫ್ರೂಟ್ಸ್ ಗುರುತಿನ ಸಂಖ್ಯೆಯ ಉದ್ದೇಶವೂ ಅದೇ: ಜಮೀನಿನ ವಿವರವನ್ನು ಪ್ರತಿ ಇಲಾಖೆಗೂ ಮತ್ತೆ ಮತ್ತೆ ಬರೆದುಕೊಡುವ ಕಷ್ಟ ತಪ್ಪಿಸುವುದು. ಪ್ರಾಥಮಿಕ ಕೃಷಿ ಪತ್ತಿನ ಸಂಘಗಳ ಗಣಕೀಕರಣಕ್ಕೆ 2022ರ ಜೂನ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿಗೆ ನೀಡಿತು. 63,000 ಸಂಘಗಳಿಗೆ ಒಂದೇ ಬಗೆಯ ತಂತ್ರಾಂಶ, 2,516 ಕೋಟಿ ರೂಪಾಯಿ ವೆಚ್ಚ ಎಂಬುದು ಅಂದಿನ ಯೋಜನೆ. ಆದ್ದರಿಂದ ಬಾಟ್ ಒಂದು ತಾತ್ಕಾಲಿಕ ಸಂಕ, ಸೇತುವೆಯಲ್ಲ. ಸಂಕಕ್ಕೆ ಸೇತುವೆಯ ಖರ್ಚು ಮಾಡಬಾರದು.

ಹಾಗಾದರೆ ನಾವು ಮಾಡಬೇಕಾದ್ದೇನು?

ಮೊದಲನೆಯದಾಗಿ, ನಮ್ಮದೇ ಪುಸ್ತಕಗಳಲ್ಲಿ ಆರಂಭಿಸೋಣ. ಅಡಿಕೆ ಖರೀದಿಯ ಚೀಟಿಯನ್ನು ಲೆಕ್ಕಕ್ಕೆ ಏರಿಸುವುದು, ಸಾಲದ ವಾಯಿದೆ ನೋಟೀಸು, ಜಿ.ಎಸ್.ಟಿ. ವಿವರಪಟ್ಟಿ ಇವು ಬಾಟ್‌ಗೆ ಸಲ್ಲುವ ಕೆಲಸ. ಸರ್ಕಾರಿ ಪುಟಗಳಲ್ಲಿ ಮನುಷ್ಯನೇ ಹೌದೋ ಎಂದು ಪರೀಕ್ಷಿಸುವ ಅಕ್ಷರಗಳನ್ನೂ, ಮೊಬೈಲಿಗೆ ಬರುವ ಓ.ಟಿ.ಪಿ.ಯನ್ನೂ ಇಟ್ಟಿರುವುದು ಸದಸ್ಯರ ರಕ್ಷಣೆಗೆ. ಇಲಾಖೆಯ ಅನುಮತಿಯಿಲ್ಲದೆ ಅವನ್ನು ದಾಟುವ ಉಪಾಯ ಯಾರು ಹೇಳಿಕೊಟ್ಟರೂ ನಮಗೆ ಬೇಡ.

ಎರಡನೆಯದಾಗಿ, ಬಾಟ್ ತುಂಬಿದ್ದನ್ನು ಕಳುಹಿಸುವ ಮೊದಲು ಅಚ್ಚು ತೆಗೆದು ಸದಸ್ಯರ ಕೈಗೆ ಕೊಡಬೇಕು. ತನ್ನ ಸರ್ವೆ ನಂಬ್ರ ತನಗಿಂತ ಚೆನ್ನಾಗಿ ಇನ್ನಾರಿಗೆ ಗೊತ್ತು? ಸಾಲ ಕೊಡುವ, ನಿರಾಕರಿಸುವ ತೀರ್ಮಾನ ಮಾತ್ರ ಆಡಳಿತ ಮಂಡಳಿಯದ್ದೇ ಆಗಿರಬೇಕು. ತಪ್ಪಾದರೆ ಯಂತ್ರದ ಮೇಲೆ ಹಾಕುವಂತಿಲ್ಲ, ಹೊಣೆ ಕಾರ್ಯದರ್ಶಿಯದ್ದು.

ಮೂರನೆಯದಾಗಿ, ಒಂದೊಂದು ಸಂಘವೂ ಪ್ರತ್ಯೇಕ ಖರ್ಚು ಮಾಡುವುದು ಬೇಡ. ಧಾರಣೆ ಕುಸಿದು ಕಂಗೆಟ್ಟ ಬೆಳೆಗಾರರು 1973ರಲ್ಲಿ ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳುತನದಲ್ಲಿ ಕ್ಯಾಂಪ್ಕೊ ಕಟ್ಟಿದ್ದು ಒಬ್ಬೊಬ್ಬರಿಂದ ಆಗದ್ದು ಒಟ್ಟಾಗಿ ಆದೀತೆಂಬ ನಂಬಿಕೆಯಿಂದ. ಕುಂದಾಪುರ, ಬೈಂದೂರು, ಬ್ರಹ್ಮಾವರ ತಾಲೂಕುಗಳ ಸಂಘಗಳು ಸೇರಿ ಒಂದನ್ನು ಇಟ್ಟುಕೊಂಡರೆ ಸಾಕು.

ನಾಲ್ಕನೆಯದು, ನನ್ನ ಮಟ್ಟಿಗೆ ಮುಖ್ಯವಾದದ್ದು. ಈ ಸುದ್ದಿ ಕೇಳಿದ ನಮ್ಮ ಗುಮಾಸ್ತೆ "ನನ್ನ ಕೆಲಸ ಹೋಗುತ್ತದೆಯೇ ಸರ್?" ಎಂದು ಕೇಳಿದರು. ಸುಲಿಯುವ ಯಂತ್ರ ಬಂದ ಮೇಲೆ ಮೆಟ್ಟುಗತ್ತಿಯ ಮುಂದೆ ಕುಳಿತು ಸುಲಿಯುತ್ತಿದ್ದವರ ಕೂಲಿ ಕಡಿಮೆಯಾದದ್ದು ಸುಳ್ಳಲ್ಲ. ಅವರಿಗಾಗಿ ನಾವು ಏನೂ ಯೋಚಿಸಲಿಲ್ಲ ಎಂಬುದೂ ಸುಳ್ಳಲ್ಲ. ಈ ಸಲ ಮೊದಲೇ ಯೋಚಿಸೋಣ. ಉಳಿದ ಗಂಟೆಗಳಲ್ಲಿ ಅವರು ದಾಖಲೆಗಳ ತಪ್ಪು ಹುಡುಕಲಿ, ನಡೆಯಲಾಗದ ಹಿರಿಯ ಸದಸ್ಯರ ಮನೆಗೆ ಹೋಗಿ ಕಾಗದಪತ್ರ ಸರಿಮಾಡಿಸಿಕೊಡಲಿ. ಸಂಘ ಒಬ್ಬರನ್ನೂ ಈ ಕಾರಣಕ್ಕೆ ಬಿಡಿಸುವುದಿಲ್ಲವೆಂದು ಮೊದಲು ಠರಾವಾಗಲಿ, ಆಮೇಲೆ ಬಾಟ್ ಬರಲಿ.

ಮುಂದಿನ ಮಹಾಸಭೆಯಲ್ಲಿ ಈ ವಿಷಯ ಚರ್ಚೆಗೆ ಬರಲಿದೆ. ಸದಸ್ಯರು ಹೆಚ್ಚಿನ ಸಂಖ್ಯೆಯಲ್ಲಿ ಬಂದು ಅಭಿಪ್ರಾಯ ತಿಳಿಸಬೇಕು. ಬರುವಾಗ ಪಹಣಿಯ ಪ್ರತಿಯೊಂದನ್ನು ತಂದು ನಮ್ಮ ಪುಸ್ತಕದೊಡನೆ ತಾಳೆ ನೋಡಿಕೊಳ್ಳಬೇಕೆಂದು ವಿನಂತಿ. ಬಾಟ್ ಬಂದರೂ ಬಾರದಿದ್ದರೂ ಈ ಕೆಲಸವಂತೂ ಆಗಲೇಬೇಕು.

— ಕಾರ್ಯದರ್ಶಿ