ಕೋಜಾಗರಿಯ ಹಾಲು, ಪೊಟ್ಟಣದ ಕಂಪು

ಆಶ್ವಯುಜದ ಹುಣ್ಣಿಮೆ ಸಮೀಪಿಸಿತೆಂದರೆ ನಾಸಿಕದ ಪಂಚವಟಿಯಲ್ಲಿಯೂ ಛತ್ರಪತಿ ಸಂಭಾಜಿನಗರದ ಗುಲಮಂಡಿಯಲ್ಲಿಯೂ ಹಾಲಿನ ಬಾಣಲೆಗಳಿಗೆ ಬಿಡುವಿಲ್ಲ. ಮಹಾರಾಷ್ಟ್ರೀಯರ ಕೋಜಾಗರಿ ಪೌರ್ಣಿಮೆ ಅದು. ಏಲಕ್ಕಿ, ಜಾಯಿಕಾಯಿ, ಕೇಸರಿ, ಬಾದಾಮಿಗಳನ್ನು ಕೂಡಿಸಿ ಬತ್ತಿಸಿದ ಹಾಲನ್ನು ಬೆಳುದಿಂಗಳಿಗೆ ಒಡ್ಡಿ, ಬಳಿಕ ಹಂಚಿಕೊಂಡು ಕುಡಿಯುವುದು ಇಲ್ಲಿನ ಸಂಪ್ರದಾಯ. ಅಂದಿನ ರಾತ್ರಿ ಲಕ್ಷ್ಮಿಯು ಸಂಚರಿಸುತ್ತ 'ಯಾರು ಎಚ್ಚರಿದ್ದಾರೆ?' ಎಂದು ಕೇಳುವಳೆಂಬ ನಂಬಿಕೆಯುಂಟು. ನಿಜವಾಗಿಯೂ ಎಚ್ಚರಿರುವವನು ಹಾಲು ತಳಹತ್ತದಂತೆ ಸೌಟಾಡಿಸುತ್ತ ನಿಂತಿರುವ ಹೋಟೆಲಿನ ಮಾಣಿ. ದೇವಿಯ ದೃಷ್ಟಿ ಅವನ ಮೇಲೆ ಬಿದ್ದಿದೆಯೋ ಇಲ್ಲವೋ ನಾವು ಅರಿಯೆವು.

ಇದೇ ಋತುವಿನಲ್ಲಿ ಅಮೇರಿಕದಲ್ಲಿಯೂ ಒಂದು ಮಸಾಲೆಯ ಹಬ್ಬ ನಡೆಯುತ್ತದೆ. ಅಲ್ಲಿ ಸುಗ್ಗಿಯ ಕಾಲದಲ್ಲಿ ಸಿಹಿಗುಂಬಳದ ಕಡುಬನ್ನು ಮಾಡುವುದು ಹಳೆಯ ವಾಡಿಕೆ. ಅದಕ್ಕೆ ಬೇಕಾದ ದಾಲ್ಚಿನ್ನಿ, ಶುಂಠಿ, ಜಾಯಿಕಾಯಿ, ಲವಂಗ ಮೊದಲಾದವುಗಳನ್ನು ಒಟ್ಟಿಗೆ ಪುಡಿಮಾಡಿ ಮ್ಯಾಕ್‌ಕಾರ್ಮಿಕ್ ಎಂಬ ಕಂಪನಿಯು 1934ರಲ್ಲಿ ಮಾರಲಾರಂಭಿಸಿತು. 2003ರಲ್ಲಿ ಸ್ಟಾರ್‌ಬಕ್ಸ್ ಕಾಫಿ ಸಂಸ್ಥೆ ಈ ಮಸಾಲೆಯ ಪರಿಮಳವನ್ನು ಹಾಲುಕಾಫಿಗೆ ಬೆರೆಸಿ, ಅದಕ್ಕೆ ಕುಂಬಳದ ಹೆಸರಿಟ್ಟಿತು. ಅಲ್ಲಿಂದ ಮುಂದೆ ಬಿಸ್ಕತ್ತು, ಮೊಸರು, ಐಸ್‌ಕ್ರೀಮು, ಕೊನೆಗೆ ಮೇಣದಬತ್ತಿಯವರೆಗೂ ಆ ಕಂಪು ಹಬ್ಬಿತು. ವಿನೋದವೆಂದರೆ, 2015ರವರೆಗೆ ಆ ಪ್ರಸಿದ್ಧ ಕಾಫಿಯಲ್ಲಿ ಕುಂಬಳಕಾಯಿಯೇ ಇರಲಿಲ್ಲ! ಗ್ರಾಹಕರು ಪ್ರಶ್ನಿಸತೊಡಗಿದ ಮೇಲೆ ಕಾಯಿಯ ತಿರುಳನ್ನು ಸೇರಿಸಲಾಯಿತು. ಕುಂಬಳಕಾಯಿ ಕಳ್ಳನೆಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಗಾದೆ ನಮ್ಮಲ್ಲಿದೆ. ಇಲ್ಲಿ ಹೆಗಲ ಮೇಲೆ ಬೂದಿಯ ಗುರುತೂ ಇರಲಿಲ್ಲ, ಏಕೆಂದರೆ ಕಾಯಿಯೇ ಇರಲಿಲ್ಲ.

ಸಿಹಿಗುಂಬಳ ಅಮೇರಿಕ ಖಂಡದಿಂದ ಸಮುದ್ರ ದಾಟಿ ನಮ್ಮಲ್ಲಿಗೆ ಬಂದದ್ದು. ಜಾಯಿಕಾಯಿ, ಲವಂಗ, ಶುಂಠಿಗಳು ಪೂರ್ವದೇಶಗಳಿಂದ ಅತ್ತ ಹೋದವು. ಜಾಯಿಕಾಯಿಯ ಆಸೆ ಎಷ್ಟಿತ್ತೆಂದರೆ, 1667ರ ಬ್ರೆಡಾ ಒಪ್ಪಂದದಲ್ಲಿ ಆ ಮರಗಳು ಬೆಳೆಯುವ ರನ್ ಎಂಬ ಸಣ್ಣ ದ್ವೀಪವು ಡಚ್ಚರಲ್ಲಿ ಉಳಿಯಿತು, ಇಂದಿನ ನ್ಯೂಯಾರ್ಕಿನ ಮ್ಯಾನ್‌ಹಟನ್ ಆಂಗ್ಲರಲ್ಲಿ ಉಳಿಯಿತು. ಅಂತಹ ಜಾಯಿಕಾಯಿ ಇಂದು ನಮ್ಮ ಹೋಟೆಲುಗಳ ಡಬ್ಬಿಯಲ್ಲಿ ಬಿದ್ದಿರುತ್ತದೆ. ಕುಂಬಳವಂತೂ ಉಡುಪಿಯ ಸಾಂಬಾರಿನಲ್ಲಿ ಕಣ್ಣಿಗೆ ಕಾಣುವಂತೆಯೇ ತೇಲುತ್ತದೆ. ಅದರ ವಿಷಯದಲ್ಲಿ ಯಾರೂ ನಮ್ಮನ್ನು ಪ್ರಶ್ನಿಸಬೇಕಾಗಿಲ್ಲ.

ಆದರೆ ಹಾಲಿನ ಮತ್ತು ಚಹದ ವಿಷಯದಲ್ಲಿ ಪ್ರಶ್ನಿಸಬೇಕಾದ ಕಾಲ ಬಂದಿದೆ. ಕೋಜಾಗರಿಯ ಮಸಾಲೆ ಹಾಲು ಇಂದು ಒಂದು ರಾತ್ರಿಯ ಪ್ರಸಾದವಾಗಿ ಉಳಿದಿಲ್ಲ. ಬಾಟಲಿಯಲ್ಲಿಯೂ ಪೊಟ್ಟಣದಲ್ಲಿಯೂ ವರ್ಷವಿಡೀ ದೊರೆಯುತ್ತದೆ. ಪುಣೆಯ ಹಿತ್ತಾಳೆ ಪಾತ್ರೆಯ 'ಅಮೃತತುಲ್ಯ' ಚಹದ ಹೆಸರು ಊರೂರಿನ ಫಲಕಗಳನ್ನೇರಿದೆ. ಗಿರಾಕಿಗೆ ಮಸಾಲೆಯ ಕಂಪು ಬೇಕು, ಬೇಗ ಬೇಕು, ಅಗ್ಗವಾಗಿ ಬೇಕು. ಈ ಮೂರನ್ನೂ ಒಟ್ಟಿಗೆ ಪೂರೈಸಬಲ್ಲದ್ದು ಸಿದ್ಧಪುಡಿಯ ಪೊಟ್ಟಣವೊಂದೇ. ನಾವು ಪೊಟ್ಟಣದ ವೈರಿಗಳಲ್ಲ. ಬೆಳಗಿನ ಏಳು ಗಂಟೆಗೆ ಸಾತಪುರದ ಅಥವಾ ವಾಳೂಜದ ಪಾಳಿಯ ಕಾರ್ಮಿಕರು ಗುಂಪುಗಟ್ಟಿ ನಿಂತಾಗ ಏಲಕ್ಕಿ ಸುಲಿಯುತ್ತ ಕುಳಿತರೆ ವ್ಯಾಪಾರ ಸಾಗದೆಂಬುದನ್ನು ಬಲ್ಲೆವು. ಒಳ್ಳೆಯ ಪದಾರ್ಥದ ಪುಡಿಯೂ ಪೇಟೆಯಲ್ಲಿ ಉಂಟು.

ನಮ್ಮ ಆಕ್ಷೇಪವಿರುವುದು ಪದಾರ್ಥವಿಲ್ಲದ ಪರಿಮಳದ ಬಗೆಗೆ. ಕೃತಕ ಪರಿಮಳವನ್ನು ಬೆರೆಸಿದಲ್ಲಿ ಪೊಟ್ಟಣದ ಮೇಲೆ ಹಾಗೆಂದು ಮುದ್ರಿಸಬೇಕೆಂದು 2006ರ ಆಹಾರ ಸುರಕ್ಷಾ ಕಾಯದೆಯಡಿಯ ನಿಯಮಗಳು ವಿಧಿಸುತ್ತವೆ. ಪೊಟ್ಟಣಕ್ಕೆ ಚೀಟಿಯಿದೆ, ಲೋಟಕ್ಕೆ ಯಾವ ಚೀಟಿಯೂ ಇಲ್ಲ. ಪೊಟ್ಟಣ ಅಡಿಗೆಮನೆಯ ಕಸದ ಬುಟ್ಟಿಗೆ ಸೇರಿದೊಡನೆ ಅದರ ಮೇಲಿನ ಸತ್ಯವೂ ಅಲ್ಲಿಗೇ ಸೇರುತ್ತದೆ. ಹೊರಗೆ ಫಲಕದ ಮೇಲೆ 'ಕೇಸರಿ ಹಾಲು' ಎಂದಷ್ಟೇ ಉಳಿಯುತ್ತದೆ. ಮರಾಠವಾಡದ ಹೊಲಗಳಲ್ಲಿ ಬೆಳೆಯುವ ಕುಸುಬೆಯ ಕೆಂಪು ದಳಗಳು ಕೇಸರಿಯ ವೇಷ ಧರಿಸುವುದು ಹೊಸ ಸಂಗತಿಯೇನೂ ಅಲ್ಲ. ನಿಜವಾದ ಕೇಸರಿ ಬೆಚ್ಚನೆಯ ಹಾಲಿನಲ್ಲಿ ನಿಧಾನವಾಗಿ ಬಣ್ಣ ಬಿಡುತ್ತದೆ. ಬಣ್ಣ ಹಚ್ಚಿದ್ದು ಬಿದ್ದ ಕ್ಷಣದಲ್ಲಿಯೇ ಹರಡುತ್ತದೆ. ತಿಂಗಳ ಕೊನೆಯಲ್ಲಿ ಎಣಿಸಿ ಖರ್ಚು ಮಾಡುವ ಗುಮಾಸ್ತನು ಕೇಸರಿಯ ಬೆಲೆ ಕೊಟ್ಟು ಕುಸುಬೆಯನ್ನು ಕುಡಿಯಬೇಕೆ? ಗಲ್ಲಾದಲ್ಲಿ ಕುಳಿತವರನ್ನು ವಿನಯದಿಂದ ಒಂದು ಮಾತು ಕೇಳುವುದರಲ್ಲಿ ತಪ್ಪೇನೂ ಇಲ್ಲ.

ಇದಕ್ಕಿಂತಲೂ ಗಂಭೀರವಾದ ಇನ್ನೊಂದು ವಿಷಯವುಂಟು. ಜಾಯಿಕಾಯಿಯನ್ನು ಮೊದಲೇ ತುರಿದಿಟ್ಟರೆ ಅದರ ಕಂಪು ಹಾರಿಹೋಗುತ್ತದೆ, ಹಾಲನ್ನು ಇಳಿಸುವ ವೇಳೆಗೆ ತುರಿಯಬೇಕು. ಹೆಚ್ಚಾದರೆ ಕಹಿಯಷ್ಟೇ ಅಲ್ಲ, ತಲೆ ತಿರುಗಿಸುವಷ್ಟು ಅಮಲಿನ ವಸ್ತು ಅದು. ಒರಟು ದಪ್ಪ ತೊಗಟೆಯ ಕ್ಯಾಸಿಯವನ್ನೂ ಸುರುಳಿಸುತ್ತಿದ ತೆಳುಪದರದ ಸಿಂಹಳದ ದಾಲ್ಚಿನ್ನಿಯನ್ನೂ ಕೈಯಲ್ಲಿ ಹಿಡಿದೇ ಬೇರ್ಪಡಿಸಬೇಕು. ಇವೆಲ್ಲ ಭಟ್ಟರ ಕೈಕೆಳಗೆ ನಿಂತು ಕಲಿಯುವ ವಿದ್ಯೆ. ಕುಂದಾಪುರ, ಬೈಂದೂರು, ಕಾರ್ಕಳದ ಕಡೆಯಿಂದ ಬರಿಗೈಯಲ್ಲಿ ಬಂದು, ಲೋಟ ತೊಳೆಯುವುದರಿಂದ ಆರಂಭಿಸಿ, ಒಲೆಯ ಮುಂದೆ ನಿಲ್ಲುವ ಯೋಗ್ಯತೆ ಗಳಿಸಿ, ಕಾಲಕ್ರಮದಲ್ಲಿ ಸ್ವಂತ ಹೋಟೆಲು ತೆರೆದವರು ಎಷ್ಟೋ ಮಂದಿ. ಈ ವಿದ್ಯೆಯೇ ಅವರ ಬಂಡವಾಳವಾಗಿತ್ತು. ಪೊಟ್ಟಣವನ್ನು ಹರಿಯುವುದಕ್ಕೆ ಯಾವ ವಿದ್ಯೆಯೂ ಬೇಡ. ಅದನ್ನು ಹರಿಯುವವನ ಸ್ಥಳದಲ್ಲಿ ನಾಳೆ ಮತ್ತೊಬ್ಬನನ್ನು ನಿಲ್ಲಿಸಬಹುದು, ಇನ್ನೂ ಕಡಿಮೆ ಸಂಬಳಕ್ಕೆ. ಭಟ್ಟರಾದವರೂ ಹುಡುಗರಿಂದ ಈ ಗುಟ್ಟನ್ನು ಬಚ್ಚಿಡುವ ಹಳೆಯ ಚಾಳಿಯನ್ನು ಬಿಡುವುದು ಒಳ್ಳೆಯದು. ಬಚ್ಚಿಟ್ಟ ವಿದ್ಯೆಯನ್ನೇ ಪೊಟ್ಟಣದವರು ಮಾರುತ್ತಿದ್ದಾರೆ.

ಮಾಲೀಕರ ಕಷ್ಟವನ್ನೂ ನಾವು ಅರಿಯದವರಲ್ಲ. ಏಲಕ್ಕಿಯ ಬೆಲೆ, ಬಾಡಿಗೆ, ಅನಿಲದ ಸಿಲಿಂಡರು ಎಲ್ಲವೂ ಅವರ ತಲೆಯ ಮೇಲಿವೆ. ಆದರೆ 'ಮಸಾಲೆ ಹಾಲು' ಎಂದು ಬರೆದು ನಿಜವಾದ ಮಸಾಲೆ ಹಾಕಿದರೆ ಎರಡು ರೂಪಾಯಿ ಹೆಚ್ಚು ಕೇಳಲು ಸಂಕೋಚಪಡಬೇಕಾಗಿಲ್ಲ. ಕೋಜಾಗರಿಯಂಥ ರಾತ್ರಿಗಳಲ್ಲಿ ದುಡಿದವರಿಗೆ ಹೆಚ್ಚುವರಿ ವೇತನ ಸಲ್ಲಬೇಕು. ಹೆಚ್ಚಿನ ಗಂಟೆಗಳಿಗೆ ಇಮ್ಮಡಿ ಕೂಲಿಯೆಂಬ ಕಟ್ಟಳೆಯನ್ನು ಮಹಾರಾಷ್ಟ್ರದ 2017ರ ಅಂಗಡಿ ಮತ್ತು ಸಂಸ್ಥೆಗಳ ಕಾಯದೆಯೂ ಮಾಡಿದೆ. ಸಣ್ಣ ಹೋಟೆಲುಗಳು ಆ ಕಾಯದೆಯ ಹಿಡಿತಕ್ಕೆ ಪೂರ್ತಿಯಾಗಿ ಸಿಕ್ಕಿಲ್ಲವೆಂಬುದು ದಿಟ. ಕಾಯದೆ ತಲುಪದ ಕಡೆ ಮಾಲೀಕರ ನ್ಯಾಯಬುದ್ಧಿ ತಲುಪಲಿ.

2027ರ ಸಿಂಹಸ್ಥ ಕುಂಭಮೇಳದ ಕಾಲದಲ್ಲಿ ನಾಸಿಕಕ್ಕೂ ತ್ರ್ಯಂಬಕೇಶ್ವರಕ್ಕೂ ಲಕ್ಷಾಂತರ ಯಾತ್ರಿಕರು ಬರುವವರಿದ್ದಾರೆ. ಚಹದ ಬೇಡಿಕೆ ಹೆಚ್ಚಿದಷ್ಟೂ ಪುಡಿಯ ಮೂಟೆಗಳೂ ಕಲಬೆರಕೆಯೂ ಹೆಚ್ಚುವುದು ಸಹಜ. ಆ ನೂಕುನುಗ್ಗಲು ಆರಂಭವಾಗುವ ಮೊದಲೇ ಎರಡೂ ನಗರಗಳ ಕನ್ನಡ ಹೋಟೆಲಿಗರು ಒಂದೆಡೆ ಕುಳಿತು, ಮಸಾಲೆಯನ್ನು ಯಾರಿಂದ ಕೊಳ್ಳುವುದು, ಎಲ್ಲಿ ಕುಟ್ಟಿಸುವುದು, ಯಾವ ಹುಡುಗರನ್ನು ಒಲೆಯ ಕೆಲಸಕ್ಕೆ ತಯಾರು ಮಾಡುವುದು ಎಂಬುದನ್ನು ನಿಶ್ಚಯಿಸಿಕೊಳ್ಳಲೆಂದು ನಮ್ಮ ಸೂಚನೆ.