ಕತಾರ್‌ಗಾಮ್‌ನಲ್ಲೊಂದು ಕಸೂತಿ ಮನೆ

ಹೊರನಾಡಿಗೆ ಬಂದು ಮನೆ ಹೂಡಿದವರಿಗೆ ಹಿತೈಷಿಗಳು ಕೊಡುವ ಸಲಹೆ ಸಾಮಾನ್ಯವಾಗಿ ಒಂದೇ: ಮೊದಲು ನೆಲೆ ನಿಲ್ಲಿ, ಉಳಿದದ್ದು ಆಮೇಲೆ. ಧಾರವಾಡ ಬಿಟ್ಟು, ಅಹಮದಾಬಾದು ಮತ್ತು ವಡೋದರಾಗಳಲ್ಲಿ ಕೆಲವು ವರ್ಷ ಕಳೆದು, ಈಗ ಸೂರತ್ತಿನ ಕತಾರ್‌ಗಾಮ್‌ಗೆ ಬಂದಿರುವ ನಾನು ಮನೆಯ ಮುಂದಿನ ಕೋಣೆಯಲ್ಲಿ ಕಸೂತಿ ಶಿಬಿರ ಆರಂಭಿಸುವ ವಿಚಾರ ಹೇಳಿದಾಗಲೂ ಸಂಘದ ಮಿತ್ರರು ಈ ಮಾತನ್ನೇ ಹೇಳಿದರು. ಅವರ ಕಾಳಜಿಯನ್ನು ಗೌರವಿಸುತ್ತಲೇ ಭಿನ್ನಮತವೊಂದನ್ನು ಓದುಗರ ಮುಂದಿಡಬಯಸುತ್ತೇನೆ. ಕೈಕಸುಬು ನೆಲೆ ನಿಂತ ಮೇಲಿನ ಹವ್ಯಾಸವಲ್ಲ. ನೆಲೆ ನಿಲ್ಲುವ ದಾರಿಗಳಲ್ಲಿ ಅದೂ ಒಂದು.

ಇದಕ್ಕೆ ಸಾಕ್ಷಿ ನಾವಿರುವ ನೆಲದಲ್ಲೇ ಇದೆ. ಪ್ರಾಚೀನರು ಲಾಟವೆಂದು ಕರೆದ ಈ ದಕ್ಷಿಣ ಗುಜರಾತಿನಿಂದ ರೇಷ್ಮೆ ನೇಕಾರರ ಶ್ರೇಣಿಯೊಂದು ದಶಪುರಕ್ಕೆ, ಅಂದರೆ ಇಂದಿನ ಮಧ್ಯಪ್ರದೇಶದ ಮಂದಸೋರಿಗೆ, ವಲಸೆ ಹೋಯಿತು. ಕ್ರಿ.ಶ. 473ರ ಸುಮಾರಿನ ಅಲ್ಲಿನ ಶಾಸನ ಆ ಕಥೆಯನ್ನು ಹೇಳುತ್ತದೆ. ಅವರಲ್ಲಿ ಕೆಲವರು ಬಿಲ್ವಿದ್ಯೆ, ಜ್ಯೋತಿಷ ಮುಂತಾದ ಬೇರೆ ವಿದ್ಯೆಗಳಿಗೆ ತಿರುಗಿದರು. ಉಳಿದವರು ಮಗ್ಗ ಬಿಡಲಿಲ್ಲ. ಒಟ್ಟಾಗಿ ಆ ಹೊಸ ಊರಿನಲ್ಲಿ ಸೂರ್ಯದೇವಾಲಯವನ್ನು ಕಟ್ಟಿಸಿದರು, ಮುಂದೆ ಅದನ್ನು ಜೀರ್ಣೋದ್ಧಾರ ಮಾಡಿಸಿದರು. ಲಾಟದ ಹೆಸರೆತ್ತಿದರೆ ನಮ್ಮ ಸಭೆಗಳಲ್ಲಿ ಮಾನ್ಯಖೇಟದ ರಾಷ್ಟ್ರಕೂಟರ ಶಾಖೆಯ ನೆನಪು ಬರುವುದು ಸಹಜ; ಬಾಲಕ ಅಮೋಘವರ್ಷ ನೃಪತುಂಗನ ಸಿಂಹಾಸನವನ್ನು ಕಾಪಾಡಿದ ಕರ್ಕ ಸುವರ್ಣವರ್ಷ ಇಲ್ಲಿಯ ಒಡೆಯ. ಆದರೆ ವಲಸಿಗರಾದ ನಮಗೆ ಆ ಅರಸನಿಗಿಂತ ಈ ನೇಕಾರರ ಉದಾಹರಣೆಯೇ ಹೆಚ್ಚು ಉಪಯುಕ್ತವೆಂದು ನನ್ನ ಭಾವನೆ.

ಸೂರತ್ತಿಗೂ ಕನ್ನಡನಾಡಿಗೂ ಎಳೆಯ ನಂಟು ಇಂದಿಗೂ ಇದೆ. ಬೆಳ್ಳಿಯನ್ನು ಕೂದಲಿನಷ್ಟು ತೆಳುವಾದ ತಂತಿಯಾಗಿ ಎಳೆದು, ಚಪ್ಪಟೆ ಮಾಡಿ, ರೇಷ್ಮೆ ದಾರಕ್ಕೆ ಸುತ್ತಿ, ಚಿನ್ನದ ಲೇಪ ಕೊಟ್ಟರೆ ಜರಿಯಾಗುತ್ತದೆ. ಮೈಸೂರು ರೇಷ್ಮೆ ಸೀರೆಯ ಅಂಚಿನಲ್ಲಿ ಹೊಳೆಯುವ ಜರಿ ಸೂರತ್ತಿನಿಂದ ಹೋದದ್ದು. ನಮ್ಮ ತಾಯಂದಿರು ಮದುವೆಗೆ ಉಟ್ಟ ಸೀರೆಯಲ್ಲಿ ಈ ಊರು ಆಗಲೇ ನಮ್ಮ ಮನೆಯೊಳಗೆ ಬಂದಿತ್ತು.

ಕತಾರ್‌ಗಾಮ್‌ನ ನೆರೆಹೊರೆಯನ್ನೂ ಗಮನಿಸಬೇಕು. ವಜ್ರ ಸಾಣೆ ಹಿಡಿಯುವ ಕೆಲಸ ಅರಸಿ ಭಾವನಗರ, ಅಮ್ರೇಲಿ ಕಡೆಯಿಂದ ಬಂದ ಸೌರಾಷ್ಟ್ರದ ಕುಟುಂಬಗಳು ಇಲ್ಲಿ ಬಹಳ. ಅವರೂ ನಮ್ಮಂತೆ ಊರು ಬಿಟ್ಟವರೇ. ಅವರ ಹಿರಿಯ ಹೆಂಗಸರಿಗೆ ಮಣಿಗಳನ್ನು ಪೋಣಿಸಿ ತೋರಣ, ಚೌಕಗಳನ್ನು ಮಾಡುವ ‘ಮೋತಿ ಭರತ’ ಗೊತ್ತು. ಕಿರಿಯ ಗೃಹಿಣಿಯರು ಮನೆಯಲ್ಲೇ ಕುಳಿತು ಸೀರೆಗಳಿಗೆ ಲೇಸು ಹೊಲಿಯುತ್ತಾರೆ, ಹರಳು ಅಂಟಿಸುತ್ತಾರೆ, ಹೆಚ್ಚುವರಿ ದಾರ ಕತ್ತರಿಸುತ್ತಾರೆ. ಕೂಲಿ ಸಿಗುವುದು ಎಣಿಕೆಯ ಮೇಲೆ, ವೇಳೆಯ ಮೇಲಲ್ಲ. ಬಟ್ಟೆಯ ನಗರದಲ್ಲಿದ್ದೂ ಆ ಬಟ್ಟೆಯ ಮೇಲೆ ತಮ್ಮದೆನ್ನುವ ಒಂದು ಗೆರೆ ಮೂಡಿಸುವ ಅವಕಾಶ ಅವರಿಗಿಲ್ಲ. ನಮ್ಮ ಕನ್ನಡದ ಅನೇಕ ಮನೆಗಳ ಸ್ಥಿತಿಯೂ ಇದೇ.

ಇಲ್ಲಿ ಕಸೂತಿಗೆ ಅರ್ಥ ಬರುತ್ತದೆ. ಗವಂತಿ, ಮುರಗಿ, ನೇಗಿ, ಮೆಂತಿ ಎಂಬ ನಾಲ್ಕು ಹೊಲಿಗೆಗಳ ಈ ಕಲೆಯಲ್ಲಿ ಮೊದಲೇ ಗೀಚಿಕೊಂಡ ಚಿತ್ರವಿಲ್ಲ. ಬಟ್ಟೆಯ ಎಳೆಗಳನ್ನು ಎಣಿಸುತ್ತ ಗೋಪುರ, ಪಲ್ಲಕ್ಕಿ, ಆನೆ, ತುಳಸಿ ವೃಂದಾವನಗಳನ್ನು ಮೂಡಿಸಬೇಕು. ಗಂಟು ಹಾಕುವಂತಿಲ್ಲ. ಗವಂತಿ, ಮುರಗಿಗಳಲ್ಲಿ ಬಟ್ಟೆಯ ಎರಡೂ ಮಗ್ಗುಲು ಒಂದೇ ರೀತಿ ಕಾಣಬೇಕು. ಸೂರತ್ತಿನ ಕೃತಕ ನೂಲಿನ ನುಣುಪು ಬಟ್ಟೆಯಲ್ಲಿ ಎಳೆ ಎಣಿಸುವುದು ಕಷ್ಟ. ಅದರ ಮೇಲೆ ಜಾಳು ಬಟ್ಟೆ ಹೊದಿಸಿ, ಕಸೂತಿ ಮುಗಿದ ಬಳಿಕ ಆ ಜಾಳಿನ ಎಳೆಗಳನ್ನು ಒಂದೊಂದಾಗಿ ಎಳೆದು ತೆಗೆಯುವ ಉಪಾಯವಿದೆ. ಆದರೂ ಕಲಿಯುವವರಿಗೆ ಸಾದಾ ನೇಯ್ಗೆಯ ಹತ್ತಿಯೇ ಲೇಸು.

ಕಂಪ್ಯೂಟರ್ ಯಂತ್ರಗಳು ಇದೇ ಚಿತ್ತಾರವನ್ನು ನಿಮಿಷಗಳಲ್ಲಿ ಹೊಲಿದು, ಕಸೂತಿಯೆಂದೇ ಅಗ್ಗಕ್ಕೆ ಮಾರಾಟಕ್ಕಿಡುತ್ತವೆ. ಬೆಲೆಯಲ್ಲಿ ಅವುಗಳೊಡನೆ ಸ್ಪರ್ಧಿಸಲು ಹೊರಟರೆ ಸೋಲುವವಳು ಸೂಜಿ ಹಿಡಿದ ಹೆಂಗಸು. ಆದ್ದರಿಂದ ಈ ಮನೆಯಲ್ಲಿ ಕೂಲಿಯನ್ನು ಗಂಟೆಯ ಲೆಕ್ಕದಲ್ಲಿ ಕೊಡಬೇಕು ಎಂಬುದು ನನ್ನ ಮೊದಲ ನಿಯಮ. ಸೀರೆಗಳು ಕಡಿಮೆಯಾದರೆ ಆಗಲಿ. ಅಭಿಮಾನದ ಹೆಸರಿನಲ್ಲಿ ದುಡಿಮೆಯನ್ನು ಪುಕ್ಕಟೆ ಪಡೆಯುವ ಸಂಸ್ಕೃತಿಸೇವೆ ನಮಗೆ ಬೇಡ.

ಇಂಥ ಪ್ರಯತ್ನಕ್ಕೆ ಹಿರಿಯರ ಮೇಲ್ಪಂಕ್ತಿಯಿದೆ. 1903ರಲ್ಲಿ ಮಂಗಳೂರಿನಲ್ಲಿ ಜನಿಸಿದ ಕಮಲಾದೇವಿ ಚಟ್ಟೋಪಾಧ್ಯಾಯರು ದೇಶವಿಭಜನೆಯ ನಿರಾಶ್ರಿತರು ಫರೀದಾಬಾದಿನಲ್ಲಿ ಹೊಸ ಬದುಕು ಕಟ್ಟಿಕೊಳ್ಳುವಾಗ ಸಹಕಾರ ಸಂಘಟನೆಯ ಮೂಲಕ ಅವರ ಜೊತೆ ನಿಂತರು. 1952ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ಕರಕುಶಲ ಮಂಡಳಿಯನ್ನೂ ಅವರೇ ಮುನ್ನಡೆಸಿದರು. 1960ರ ದಶಕದಲ್ಲಿ ಬೈಲಕುಪ್ಪೆಗೆ ಬಂದ ಟಿಬೆಟಿಯನ್ನರು ಕಾಡು ಕಡಿದು ಜೋಳ ಬಿತ್ತಿದರು, ರತ್ನಗಂಬಳಿ ನೇಯುವ ಮಗ್ಗಗಳನ್ನೂ ಹೂಡಿದರು. ಪರಸ್ಥಳದವರಿಗೆ ನಮ್ಮ ನಾಡು ಕೊಟ್ಟ ಅವಕಾಶವನ್ನು ಪರಸ್ಥಳದಲ್ಲಿರುವ ನಾವು ಬಳಸಿಕೊಳ್ಳಲು ಸಂಕೋಚವೇಕೆ?

ಯೋಜನೆ ದೊಡ್ಡದೇನಲ್ಲ. ವರ್ಷಕ್ಕೆರಡು ಬಾರಿ ಧಾರವಾಡ ಕಡೆಯ ಕಸೂತಿ ಬಲ್ಲ ಹೆಂಗಸರು ಬಂದು ಹದಿನೈದು ದಿನ ನಮ್ಮಲ್ಲಿ ತಂಗಿ ಕಲಿಸುವುದು. ಕಲಿಯಲು ಕನ್ನಡದ ಮಕ್ಕಳ ಜೊತೆ ನೆರೆಯ ಗುಜರಾತಿ ಹೆಂಗಸರೂ ಕೂರುವುದು. ಅವರಿಂದ ಮೋತಿ ಭರತವನ್ನು ನಾವು ಕಲಿಯುವುದು. ಎಳೆ ಎಣಿಸುವಾಗ ಒಂದು, ಎರಡು, ಮೂರು ಎಂದು ಕನ್ನಡದಲ್ಲಿ ಎಣಿಸುವ ಮಗುವಿಗೆ ಭಾಷೆ ಉಪದೇಶವಾಗಿ ಬರುವುದಿಲ್ಲ, ಕೆಲಸದ ಭಾಗವಾಗಿ ಬರುತ್ತದೆ.

ಸದಸ್ಯರಲ್ಲಿ ನನ್ನ ಕೋರಿಕೆ ಹಣವಲ್ಲ. ನಿಮ್ಮ ಪೆಟ್ಟಿಗೆಗಳಲ್ಲಿ ಅಜ್ಜಿಯರ ಕಾಲದ ಚಂದ್ರಕಾಳಿ ಸೀರೆಯೋ, ಕಸೂತಿಯ ಕುಬುಸವೋ ಇದ್ದರೆ ನಮೂನೆ ನೋಡಿಕೊಳ್ಳಲು ಕೆಲವು ದಿನ ಕೊಡಿ, ಜೋಪಾನವಾಗಿ ಮರಳಿಸುತ್ತೇವೆ. ಕಲಿಸಲು ಬರುವವರಿಗೆ ಊಟ, ವಸತಿ ಒದಗಿಸಬಲ್ಲ ಮನೆಗಳು ಮುಂದೆ ಬರಲಿ. ಕೊಳ್ಳುವಾಗ ಚೌಕಾಸಿ ಮಾಡದಿರಿ. ಮುಂದಿನ ಸಂಚಿಕೆಯಲ್ಲಿ ಲೆಕ್ಕವನ್ನೂ, ಕಲಿತವರ ಕೆಲಸವನ್ನೂ ತಮ್ಮ ಮುಂದಿಡುವ ಹೊಣೆ ನನ್ನದು.