ಬೇಸಿಗೆಯ ಬೆಂಕಿ ಮತ್ತು ಬಡವರ ದನ

ಜೋಳದ ರಾಶಿ ಮುಗಿಯುತ್ತಲೇ ಊರೂರಿನಲ್ಲಿ ಕಣಿಕೆಯ ಬಣವೆಗಳು ಏಳುತ್ತವೆ. ಸವದತ್ತಿ, ರಾಮದುರ್ಗದ ಎರೆಭೂಮಿಯಲ್ಲಿ ಕಡಲೆ ಕಿತ್ತು ಹೊಲ ಬಯಲಾಗುತ್ತದೆ. ಬೈಲಹೊಂಗಲ, ಕಿತ್ತೂರು ಕಡೆಗೆ ಕಬ್ಬು ಕಡಿದ ಹೊಲಗಳಲ್ಲಿ ರವದಿ ಒಣಗಿ ಬೀಳುತ್ತದೆ. ಗುಡ್ಡದ ಹುಲ್ಲು ಹಳದಿಯಾಗುತ್ತದೆ. ವರ್ಷವಿಡೀ ದುಡಿದ ರೈತನು ಉಸಿರು ಬಿಡುವ ಕಾಲವಿದು. ಆದರೆ ಇದೇ ಬೆಂಕಿಯ ಕಾಲವೂ ಆಗಿದೆ. ಭರತ ಹುಣ್ಣಿಮೆಯಿಂದ ಹಿಡಿದು ಮುಂಗಾರಿನ ಮೊದಲ ಮಳೆ ಬೀಳುವವರೆಗೆ ಹಳ್ಳಿಯ ಮನೆ, ಮೇವು, ದನಕರು ಎಲ್ಲವೂ ಒಂದು ಕಿಡಿಯ ದೂರದಲ್ಲಿರುತ್ತವೆ.

ಈ ಪತ್ರಿಕೆಯನ್ನು ಓದುವವರು ಗಿರಣಿಯ ಕೆಲಸಗಾರರು ಮತ್ತು ಸಣ್ಣ ವ್ಯಾಪಾರಸ್ಥರು. ದನದ ಕೊಟ್ಟಿಗೆಗೂ ನಮಗೂ ಏನು ಸಂಬಂಧವೆಂದು ಯಾರಾದರೂ ಕೇಳಬಹುದು. ಹತ್ತಿಯ ಗಿರಣಿಯಲ್ಲಿ, ಸಕ್ಕರೆ ಕಾರಖಾನೆಯಲ್ಲಿ, ಮಗ್ಗದ ಮನೆಯಲ್ಲಿ ದುಡಿಯುವ ನಮ್ಮವರಲ್ಲಿ ಎಷ್ಟು ಜನರ ತಾಯಿತಂದೆಗಳು ಇಂದಿಗೂ ಹಳ್ಳಿಯಲ್ಲಿಲ್ಲ? ಹಂಗಾಮು ಮುಗಿದು ಗಿರಣಿಯ ಬಾಗಿಲು ಮುಚ್ಚಿದ ತಿಂಗಳುಗಳಲ್ಲಿ ಮಕ್ಕಳ ಹೊಟ್ಟೆ ತುಂಬಿಸುವುದು ಊರಲ್ಲಿ ಕಟ್ಟಿದ ಒಂದು ಎಮ್ಮೆ. ಕಿರಾಣಿ ಅಂಗಡಿಯವರ ಮಾತೂ ಇದೇ. ಅವರ ಉದ್ರಿ ಖಾತೆಯಲ್ಲಿರುವ ಹಣವೆಲ್ಲ ಎತ್ತಿನ ದುಡಿಮೆಯಿಂದಲೂ ಎಮ್ಮೆಯ ಹಾಲಿನಿಂದಲೂ ತೀರಬೇಕಾದ ಹಣ. ಕೊಟ್ಟಿಗೆ ಸುಟ್ಟರೆ ವಹಿಯ ಹಾಳೆಯೂ ಸುಟ್ಟಂತೆಯೇ. ಹಳ್ಳಿಯ ಬೆಂಕಿಯ ಝಳ ಪೇಟೆಗೆ ತಟ್ಟದೆ ಬಿಡುವುದಿಲ್ಲ.

2019ನೆಯ ಇಸವಿ ನಮ್ಮ ನಾಡಿಗೆ ಎರಡು ಪಾಠ ಕಲಿಸಿತು. ಆ ವರ್ಷದ ಫೆಬ್ರುವರಿಯಲ್ಲಿ ಬಂಡೀಪುರದ ಕಾಡು ಹೊತ್ತಿಕೊಂಡು ಸಾವಿರಾರು ಎಕರೆ ಬೂದಿಯಾಯಿತು. ಆಗಸ್ಟ್ ತಿಂಗಳಲ್ಲಿ ಮಲಪ್ರಭೆ ಉಕ್ಕಿ ಸವದತ್ತಿ, ರಾಮದುರ್ಗ ತಾಲೂಕುಗಳ ಹೊಳೆದಂಡೆಯ ಊರುಗಳಿಗೆ ನೀರು ನುಗ್ಗಿತು. ದನಕರುಗಳನ್ನು ಕಟ್ಟಿಕೊಂಡು, ಹೊರೆ ಹೊತ್ತುಕೊಂಡು ಮನೆ ಬಿಟ್ಟು ಎದ್ದು ಹೋಗುವುದೆಂದರೆ ಏನೆಂಬುದನ್ನು ಆಗ ನಮ್ಮ ಜನ ಕಣ್ಣಾರೆ ಕಂಡರು. ಆದರೂ ಹೊಳೆಗೆ ಒಂದು ದಾಕ್ಷಿಣ್ಯವಿದೆ. ನವಿಲುತೀರ್ಥದ ಅಣೆಕಟ್ಟಿನಿಂದ ನೀರು ಬಿಡುವ ಸುದ್ದಿ ಮೊದಲೇ ಬರುತ್ತದೆ, ಡಂಗುರ ಸಾರುತ್ತಾರೆ, ನೀರು ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಬೆಂಕಿಗೆ ಆ ದಾಕ್ಷಿಣ್ಯವೂ ಇಲ್ಲ. ಹೊಳೆ ತಾಸುಗಳನ್ನು ಕೊಟ್ಟರೆ ಬೆಂಕಿ ಕೊಡುವುದು ನಿಮಿಷಗಳನ್ನು. ಆದುದರಿಂದ ಅಧಿಕಾರಿ ಬಂದು ಹೇಳಿದ ಮೇಲೆ ಏಳುತ್ತೇವೆಂದು ಕುಳಿತವರು ಉಳಿಯಲಾರರು.

ನಾವು ಮಾಸ್ತರಿಕೆ ಮಾಡುತ್ತಿದ್ದ ಒಂದು ಊರಿನಲ್ಲಿ ಕಂಡ ಸಂಗತಿಯನ್ನು ಇಲ್ಲಿ ಹೇಳಬೇಕಾಗಿದೆ. ಒಂದು ಸಂಜೆ ಸೊಳ್ಳೆಯ ಕಾಟಕ್ಕೆಂದು ಕೊಟ್ಟಿಗೆಯಲ್ಲಿ ಹಾಕಿದ ಹೊಗೆಯ ಕೆಂಡ ಗ್ವಾದಲಿಯ ಕಣಿಕೆಗೆ ಹತ್ತಿತು. ಒಳಗೆ ಎರಡು ಎತ್ತು, ಒಂದು ಎಮ್ಮೆ, ಅದರ ಕರು. ಎತ್ತುಗಳು ಬೆದರಿ ಹಿಂದಕ್ಕೆ ಜಗ್ಗಿದಷ್ಟೂ ನೈಲಾನ್ ಹಗ್ಗದ ಗಂಟು ಬಿಗಿಯಾಯಿತು. ಮನೆಯ ಯಜಮಾನ ಕುಡಗೋಲು ಎಲ್ಲಿ ಎಂದು ಕೂಗಿದ. ಕುಡಗೋಲು ಹೊಲದ ಗುಡಿಸಲಲ್ಲಿತ್ತು. ಅವನ ಹೆಂಡತಿ ಎಮ್ಮೆಯನ್ನು ಹೇಗೋ ಹೊರಗೆ ತಂದಳು. ಕರು ಒಳಗೆ ಒದರುತ್ತಿತ್ತು, ಎಮ್ಮೆ ಅವಳ ಕೈ ಕೊಸರಿಕೊಂಡು ಮತ್ತೆ ಒಳಗೆ ನುಗ್ಗಿತು. ತಾಲೂಕಿನಿಂದ ಬೆಂಕಿ ಆರಿಸುವ ಗಾಡಿ ಬರುವ ಹೊತ್ತಿಗೆ ಆರಿಸುವುದಕ್ಕೆ ಏನೂ ಉಳಿದಿರಲಿಲ್ಲ. ಮರುದಿನ ಆ ಮನೆಯ ಹುಡುಗ ಶಾಲೆಗೆ ಬರಲಿಲ್ಲ. ಮುಂದಿನ ವಾರವೂ ಬರಲಿಲ್ಲ. ಕಬ್ಬು ಕಡಿಯುವ ಗ್ಯಾಂಗಿನ ಜೊತೆ ತಂದೆಯ ಹಿಂದೆ ಹೋದನೆಂದು ಆಮೇಲೆ ತಿಳಿಯಿತು. ಹಾಜರಿ ಪುಸ್ತಕದಲ್ಲಿ ಅವನ ಹೆಸರಿನ ಮುಂದೆ ನಾವು ದಿನವೂ ಗೈರು ಎಂದು ಬರೆದೆವು. ಒಂದು ಕುಡಗೋಲು ಬಾಗಿಲಲ್ಲಿ ತೂಗುಬಿದ್ದಿದ್ದರೆ ಆ ಹುಡುಗ ಏಳನೆಯ ಇಯತ್ತೆ ಮುಗಿಸುತ್ತಿದ್ದನು.

ದನಗಳು ಬೆಂಕಿಯಲ್ಲಿ ಸಾಯುವುದು ಹೆಚ್ಚಾಗಿ ಕಟ್ಟಿದ ಕಾರಣಕ್ಕೆ ಎಂಬುದನ್ನು ನಾವು ಮನಸ್ಸಿಗೆ ತಂದುಕೊಳ್ಳಬೇಕು. ಹಾಗಿದ್ದಮೇಲೆ ತಯಾರಿ ಕಣ್ಣಿಯಿಂದಲೇ ಆರಂಭವಾಗಬೇಕು. ಬೇಸಿಗೆಯಲ್ಲಿ ನೈಲಾನ್ ಹಗ್ಗ ಬೇಡ. ಅದು ಕರಗಿ ಮೈಗೆ ಅಂಟುತ್ತದೆ. ಸೆಣಬಿನ ಇಲ್ಲವೆ ನೂಲಿನ ಹಗ್ಗ ಇರಲಿ. ಗೂಟದ ಕಡೆಗೆ ಒಂದೇ ಎಳೆತಕ್ಕೆ ಬಿಚ್ಚುವ ಗಂಟು ಹಾಕಬೇಕು. ಕೊಟ್ಟಿಗೆಯ ಬಾಗಿಲ ಹೊರಗೆ, ಮಕ್ಕಳ ಕೈಗೆ ಸಿಗದ ಎತ್ತರದಲ್ಲಿ, ಹರಿತವಾದ ಒಂದು ಕುಡಗೋಲು ಯಾವಾಗಲೂ ತೂಗಿರಲಿ. ಅದು ಹೊಲಕ್ಕೆ ಹೋಗಬಾರದು. ಬಾಗಿಲಿನ ಮುಂದೆ ಚಕ್ಕಡಿ, ಕಟ್ಟಿಗೆ, ಗೊಬ್ಬರದ ಚೀಲ ಒಟ್ಟಬಾರದು.

ಮೇವಿನ ಬಣವೆ ಮನೆಗೂ ಕೊಟ್ಟಿಗೆಗೂ ದೂರವಿದ್ದಷ್ಟು ಒಳ್ಳೆಯದು. 30 ಅಡಿಗಿಂತ ಕಡಿಮೆ ಬೇಡ. ವಿದ್ಯುತ್ ತಂತಿಯ ಕೆಳಗಂತೂ ಒಟ್ಟಲೇಬಾರದು. ಒಂದೇ ದೊಡ್ಡ ಬಣವೆಯ ಬದಲು ನಡುವೆ ಜಾಗ ಬಿಟ್ಟು ಎರಡು ಮೂರು ಸಣ್ಣವು ಮಾಡಿದರೆ ಒಂದು ಸುಟ್ಟರೂ ಒಂದು ಉಳಿದೀತು. ಸುತ್ತಲಿನ ಹುಲ್ಲು ಕೆತ್ತಿ ಬರೀ ಮಣ್ಣು ಕಾಣುವಂತೆ ಮಾಡಬೇಕು. ಒಲೆಯ ಬೂದಿಯನ್ನು ನೀರು ಚಿಮುಕಿಸದೆ ತಿಪ್ಪೆಗೆ ಚೆಲ್ಲಬಾರದು. ಮೇಲೆ ತಣ್ಣಗೆ ಕಂಡ ಬೂದಿಯ ಒಡಲಲ್ಲಿ ಕೆಂಡವಿರುತ್ತದೆ. ರವದಿಗೆ ಬೆಂಕಿ ಇಡುವ ಚಾಳಿಯನ್ನು ಬಿಡಬೇಕು. ಗಾಳಿ ಬಿಟ್ಟ ದಿನ ಒಬ್ಬನ ಹೊಲದ ರವದಿ ಹತ್ತು ಜನರ ಬಣವೆಯನ್ನು ಕೇಳದೆ ತೆಗೆದುಕೊಂಡು ಹೋಗುತ್ತದೆ. ಬಾನಿ, ಕೊಡ, ಡ್ರಮ್ಮುಗಳು ರಾತ್ರಿ ತುಂಬಿರಲಿ. ರೇಶನ್ ಕಾರ್ಡು, ಹೊಲದ ಉತಾರ, ಬ್ಯಾಂಕಿನ ಪುಸ್ತಕ, ದನಗಳ ಕಿವಿಯ ಬಿಲ್ಲೆಯ 12 ಅಂಕಿಯ ಸಂಖ್ಯೆ ಬರೆದ ಚೀಟಿ, ವಿಮೆಯ ಕಾಗದ ಇವನ್ನೆಲ್ಲ ಒಂದೇ ಚೀಲದಲ್ಲಿ ಹಾಕಿ ಬಾಗಿಲ ಹತ್ತಿರದ ಗೂಟಕ್ಕೆ ನೇತುಹಾಕಬೇಕು.

ಬೆಂಕಿ ಕಂಡ ಗಳಿಗೆಯಲ್ಲಿ ಯಾರು ಏನು ಮಾಡಬೇಕೆಂಬುದು ಮೊದಲೇ ಗೊತ್ತಿರಬೇಕು. ಒಬ್ಬರು ಮುದುಕರನ್ನೂ ಮಕ್ಕಳನ್ನೂ ಹೊರಡಿಸಬೇಕು. ಒಬ್ಬರು ಗ್ಯಾಸ್ ಸಿಲಿಂಡರಿನ ಕೀಲಿಯನ್ನೂ ವಿದ್ಯುತ್ತಿನ ಮೇನ್ ಅನ್ನೂ ಬಂದು ಮಾಡಬೇಕು. ಒಬ್ಬರು ಕಣ್ಣಿ ಬಿಚ್ಚಬೇಕು. ದನ ಹೊಗೆಗೆ ಬೆದರಿ ನಿಂತಲ್ಲೇ ನಿಲ್ಲುತ್ತದೆ. ಹೊರಗೆ ತಂದರೂ ಪರಿಚಯದ ಜಾಗವೆಂದು ಮರಳಿ ಒಳಗೆ ಓಡುತ್ತದೆ. ಹಸಿ ಬಟ್ಟೆಯಿಂದ ಕಣ್ಣು ಮುಚ್ಚಿ ನಡೆಸಿದರೆ ಬರುತ್ತದೆ. ಕರುವನ್ನು ಮೊದಲು ತಂದರೆ ತಾಯಿ ಹಿಂದೆ ಬರುತ್ತದೆ. ಹಿಂಡಿನ ಮುಂದಾಳು ಕುರಿಯನ್ನು ಎಳೆದರೆ ಉಳಿದವು ಅದರ ಬೆನ್ನು ಹತ್ತುತ್ತವೆ. ಕೋಳಿಗಳ ಮೇಲೆ ಬುಟ್ಟಿ ಕವಿಚಿ ಹಿಡಿಯಬೇಕು. ಹೊರಗೆ ಬಂದ ದನವನ್ನು ದೂರದಲ್ಲಿ ಕಟ್ಟಬೇಕು, ಇಲ್ಲವೆ ಕೊಟ್ಟಿಗೆಯ ಬಾಗಿಲು ಮುಚ್ಚಬೇಕು. ಕಟ್ಟಲು ಸಮಯವೇ ಇಲ್ಲದಿದ್ದರೆ ಬಯಲಿಗೆ ಬಿಟ್ಟುಬಿಡಿ. ಬಿಟ್ಟ ದನ ಸಿಕ್ಕೀತು, ಕಟ್ಟಿದ ದನ ಸಿಗದು.

ಹೋಗುವುದೆಲ್ಲಿಗೆ ಎಂಬುದೂ ಮುಖ್ಯ. ಉತ್ತ ಬರಿ ಹೊಲ, ಮೇದು ಬೋಳಾದ ಬಯಲು, ಬತ್ತಿದ ಕೆರೆಯಂಗಳ ಇವು ಸುರಕ್ಷಿತ ಜಾಗಗಳು. ನಿಂತ ಕಬ್ಬಿನೊಳಗೆ ಹೋಗಬಾರದು. ಗಾಳಿ ಬೀಸುವ ದಿಕ್ಕಿಗೆ ಓಡಬಾರದು; ಬೆಂಕಿಯೂ ಅದೇ ದಿಕ್ಕಿಗೆ ಓಡುತ್ತದೆ. ಬೆಂಕಿ ಏರಿನಲ್ಲಿ ಜೋರಾಗಿ ಏರುವುದರಿಂದ ಗುಡ್ಡವನ್ನು ಹತ್ತುವುದು ತಪ್ಪು. ಕಿತ್ತೂರಿನ ಪಶ್ಚಿಮಕ್ಕೆ ಖಾನಾಪುರದ ಕಡೆಯ ಕಾಡಿನಂಚಿನವರು, ಸವದತ್ತಿ ರಾಮದುರ್ಗದ ಗುಡ್ಡದ ಬುಡದವರು ಇದನ್ನು ಚೆನ್ನಾಗಿ ನೆನಪಿಡಬೇಕು. ಇನ್ನೊಂದು ಮಾತು ಎಲ್ಲಕ್ಕಿಂತ ದೊಡ್ಡದು: ಒಮ್ಮೆ ಹೊರಬಂದ ಮನುಷ್ಯನು ಕಾಳಿಗಾಗಿಯಾಗಲಿ, ಟ್ರಂಕಿಗಾಗಿಯಾಗಲಿ, ದನಕ್ಕಾಗಿಯೇ ಆಗಲಿ ಉರಿಯುವ ಮಾಡಿನ ಕೆಳಗೆ ಮತ್ತೆ ಹೋಗಕೂಡದು. ಎತ್ತು ಹೋದರೆ ಮನೆ ಬಡವಾಗುತ್ತದೆ. ದುಡಿಯುವ ಕೈ ಹೋದರೆ ಮನೆಯೇ ಹೋಗುತ್ತದೆ.

ಸುಟ್ಟ ದನಕ್ಕೆ ತಣ್ಣೀರು ಸುರಿಯುತ್ತಿರಬೇಕು. ಬೂದಿ, ಎಣ್ಣೆ, ಸುಣ್ಣ ಹಚ್ಚಬಾರದು. ಹೊಗೆ ಕುಡಿದ ದನ ಆ ದಿನ ನೆಟ್ಟಗಿದ್ದು ಒಂದೆರಡು ದಿನದ ಮೇಲೆ ಏದುಸಿರು ಬಿಡಬಹುದು. ಆದುದರಿಂದ ಗಾಯ ಕಾಣದಿದ್ದರೂ ಪಶುವೈದ್ಯರಿಗೆ ತೋರಿಸಬೇಕು. ಕೆಚ್ಚಲು, ಗೊರಸುಗಳನ್ನು ನೋಡಿಸಬೇಕು. ಬೆಂಕಿಗೆ 101 ಇಲ್ಲವೆ 112, ದನದ ಆಂಬುಲೆನ್ಸಿಗೆ 1962 ಎಂಬ ಸಂಖ್ಯೆಗಳನ್ನು ಪ್ರತಿಯೊಂದು ಅಂಗಡಿಯ ಗೋಡೆಯ ಮೇಲೆ ದಪ್ಪ ಅಕ್ಷರದಲ್ಲಿ ಬರೆಯಿಸಿರಿ.

ಇನ್ನು ಪರಿಹಾರದ ಮಾತು. ಬೆಂಕಿಯನ್ನು ಸರಕಾರ ವಿಪತ್ತುಗಳ ಪಟ್ಟಿಯಲ್ಲಿ ಸೇರಿಸಿದೆ. 2022ರಿಂದ 2026ರವರೆಗಿನ ಅವಧಿಗೆ ಕೇಂದ್ರ ಸರಕಾರ ಮಾಡಿದ ನಿಯಮದಲ್ಲಿ ಹಾಲು ಹಿಂಡುವ ಎಮ್ಮೆ, ಆಕಳಿಗೆ 37,500 ರೂಪಾಯಿ, ಎತ್ತಿಗೆ 32,000, ಆಡು ಕುರಿಗೆ 4,000, ಮನೆಗೆ ಹೊಂದಿದ ದನದ ಕೊಟ್ಟಿಗೆಗೆ 3,000 ರೂಪಾಯಿ ಎಂದು ಗೊತ್ತುಮಾಡಿದ್ದರು. ಮೂರು ಸಾವಿರ ರೂಪಾಯಿಗೆ ಎಷ್ಟು ತಗಡು ಬರುತ್ತದೆಂಬುದನ್ನು ನಮ್ಮ ವ್ಯಾಪಾರಸ್ಥ ಮಿತ್ರರೇ ಹೇಳಲಿ. ಆದರೆ ಅಲ್ಪವೆಂದು ಅದನ್ನು ಬಿಟ್ಟುಕೊಡಬಾರದು. ಅದು ಭಿಕ್ಷೆಯಲ್ಲ, ಹಕ್ಕು. ಸತ್ತ ದನವನ್ನು ಪಂಚನಾಮೆ ಮತ್ತು ಸರಕಾರಿ ಪಶುವೈದ್ಯರ ಶವಪರೀಕ್ಷೆ ಆಗುವ ಮುಂಚೆ ಹೂಳಿದರೆ ಆ ಹಕ್ಕಿಗೆ ಸಾಕ್ಷಿ ಇಲ್ಲದಂತಾಗುತ್ತದೆ. ಬೆಂಕಿ ಆರಿದ ಮರುದಿನ ಬೆಳಿಗ್ಗೆ ತಲಾಟಿಗಿಂತ ಮೊದಲು ಬರುವವರು ಉರಿಯುವ ಮನೆಯ ಗಳ ಹಿರಿಯುವವರು: ಬಡ್ಡಿಗೆ ಹಣ ಕೊಡುವವರು, ಗಾಯಗೊಂಡ ಎತ್ತನ್ನು ಕಾಸಿಗೆ ಕೇಳುವ ದಲ್ಲಾಳಿಗಳು. ಆ ಒಂದು ವಾರ ನೆರೆಯವರು ಆ ಮನೆಯ ಬೆನ್ನಿಗೆ ನಿಂತರೆ ಒಂದು ಸಂಸಾರ ಸಾಲದ ಗೂಟದಿಂದ ಪಾರಾಗುತ್ತದೆ.

ಇಷ್ಟೆಲ್ಲ ಹೇಳಿದ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ. ಬಣವೆಯನ್ನು 30 ಅಡಿ ದೂರ ಒಟ್ಟಿರೆಂದು ಹೇಳುವುದು ಸುಲಭ. ಗಾಂವಠಾಣದಲ್ಲಿ ಹತ್ತಡಿ ಜಾಗವೂ ಇಲ್ಲದ ಕೂಲಿಕಾರನು ಎಲ್ಲಿ ಒಟ್ಟಬೇಕು? ಅವನ ಮೇವು ಅವನ ಗೋಡೆಗೇ ಆತುಕೊಂಡಿರುತ್ತದೆ, ದನ ಅವನು ಮಲಗುವ ಮನೆಯಲ್ಲೇ ಇರುತ್ತದೆ. ಬೆಂಕಿ ಎಲ್ಲರಿಗೂ ಒಂದೇ ಎನ್ನುವ ಮಾತು ಸುಳ್ಳು. ಜಾಗವಿಲ್ಲದವನನ್ನು ಅದು ಮೊದಲು ಹುಡುಕುತ್ತದೆ. ಆದುದರಿಂದ ಗ್ರಾಮ ಪಂಚಾಯತಿಯು ಗಾಯರಾಣದಲ್ಲಿಯೋ ಊರ ಬಯಲಿನಲ್ಲಿಯೋ ಬಡವರ ಬಣವೆಗಳಿಗೆ ಸಾಮಾನ್ಯ ಜಾಗ ಗೊತ್ತುಮಾಡಬೇಕು. ಪಂಪು, ಪೈಪು ಜೋಡಿಸಿದ ಒಂದು ನೀರಿನ ಟ್ಯಾಂಕರನ್ನು ಬೇಸಿಗೆ ಮುಗಿಯುವವರೆಗೆ ಊರಲ್ಲಿಯೇ ತುಂಬಿ ನಿಲ್ಲಿಸಬೇಕು. ಜೋತುಬಿದ್ದ ತಂತಿಗಳ ಬಗ್ಗೆ ಹೆಸ್ಕಾಂ ಕಚೇರಿಗೆ ಬಾಯಿಮಾತಲ್ಲ, ಬರೆದ ಅರ್ಜಿ ಕೊಟ್ಟು ಪೋಚು ಪಡೆಯಬೇಕು. 2005ರ ವಿಪತ್ತು ನಿರ್ವಹಣಾ ಕಾಯಿದೆಯ ಪ್ರಕಾರ ಜಿಲ್ಲಾಧಿಕಾರಿಗಳೇ ಜಿಲ್ಲೆಯ ಪ್ರಾಧಿಕಾರಕ್ಕೆ ಅಧ್ಯಕ್ಷರು. ಮುಂಗಾರಿಗೆ ಮುಂಚೆ ಪ್ರವಾಹದ ಸಭೆ ನಡೆಯುವಂತೆ ಬೇಸಿಗೆಗೆ ಮುಂಚೆ ಬೆಂಕಿಯ ಸಭೆಯೂ ನಡೆಯಲೆಂದು ಅವರನ್ನು ನಾವು ಕೇಳುತ್ತೇವೆ.

ಗಿರಣಿಯ ಬಂಧುಗಳಿಗೆ ಕೊನೆಯ ಮಾತು. ಬೆಂಕಿಯ ಶಿಸ್ತು ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಹತ್ತಿಯ ಗಿರಣಿಯಲ್ಲಿ ಬೀಡಿಗೆ ಎಡೆಯಿಲ್ಲ. ಮರಳಿನ ಬಕೆಟ್ಟು ಗೋಡೆಯ ಮೇಲಿರುತ್ತದೆ. 1948ರ ಕಾರಖಾನೆ ಕಾಯಿದೆಯ 38ನೆಯ ಕಲಮು ಬೆಂಕಿ ಬಿದ್ದರೆ ಹೊರಹೋಗುವ ದಾರಿ ಇರಲೇಬೇಕೆಂದು ಹೇಳುತ್ತಿತ್ತು. ಹತ್ತಿಯ ಅಂಡಿಗೆಗೆ ಇರುವ ಈ ಕಾವಲು ನಿಮ್ಮ ತಾಯಿಯ ಎಮ್ಮೆಗೆ ಏಕಿರಬಾರದು? ಮುಂದಿನ ರಜೆಗೆ ಊರಿಗೆ ಹೋದಾಗ ಒಂದು ಹಗ್ಗ ಕೊಂಡೊಯ್ಯಿರಿ. ಓಣಿಯ ಹತ್ತು ಮನೆಯವರನ್ನು ಕಟ್ಟೆಗೆ ಕರೆಯಿರಿ. ಕತ್ತಲಲ್ಲಿ ಕಣ್ಣಿ ಬಿಚ್ಚಿ ದನಗಳನ್ನು ಬಯಲಿಗೆ ಹೊಡೆಯುವುದನ್ನು ಒಮ್ಮೆ ಮಾಡಿ ನೋಡಿರಿ. ಎಷ್ಟು ಹೊತ್ತು ಹಿಡಿಯಿತೆಂದು ಎಣಿಸಿರಿ. ಅಂಗಡಿಯ ಮಿತ್ರರು ಒಂದು ಗಂಟೆಯನ್ನು ಅಂಗಡಿಯ ಮುಂದೆ ತೂಗುಹಾಕಲಿ. ಹೊಗೆ ಕಂಡವರು ಯಾರೇ ಆಗಲಿ, ಯಾವ ಜಾತಿಯವರೇ ಆಗಲಿ, ಬಂದು ಅದನ್ನು ಬಾರಿಸಲಿ.

ಬೆಂಕಿ ಬಿದ್ದ ಮೇಲೆ ಬಾವಿ ತೋಡುವವರೆಂದು ನಮ್ಮನ್ನು ಮೂದಲಿಸುವ ಗಾದೆ ಹಳೆಯದು. ಈ ಬೇಸಿಗೆಯಲ್ಲಾದರೂ ಅದನ್ನು ಸುಳ್ಳು ಮಾಡೋಣ. ಬಾವಿ ತೋಡುವಷ್ಟು ಹಣ ನಮ್ಮಲ್ಲಿ ಇಲ್ಲದಿರಬಹುದು. ಒಂದು ಕುಡಗೋಲನ್ನು ಬಾಗಿಲಿಗೆ ತೂಗುಹಾಕುವುದಕ್ಕೆ ಹಣ ಬೇಕಾಗಿಲ್ಲ.